ಕಾರ್ಕಳಕ್ಕೆ ಇಪ್ಪತ್ತು ನಿಮಿಷ ಸಾಕಾ?

ಬೆಂಗಳೂರಿನಿಂದ ಬರುವವರ ಫೋನಿನಲ್ಲಿ ಪಟ್ಟಿ ಮೊದಲೇ ತಯಾರಿರುತ್ತದೆ. ಬೆಳಿಗ್ಗೆ ಕೃಷ್ಣ ಮಠ, ಆಮೇಲೆ ಮಲ್ಪೆ, ದೋಣಿ ಬಿಡುವ ಸೀಸನ್ ಆದರೆ ಸೇಂಟ್ ಮೇರೀಸ್ ದ್ವೀಪ, ಮಧ್ಯಾಹ್ನ ಎಲ್ಲಾದರೂ ಮೀನೂಟ, ಸಂಜೆ ನಮ್ಮ ಕಾಪುವಿನ ಲೈಟ್‌ಹೌಸ್. ಮರುದಿನ ಧರ್ಮಸ್ಥಳ. ಆ ದಾರಿಯಲ್ಲಿ ಕಾರ್ಕಳ ಸಿಗುತ್ತದಲ್ಲ, ಅದಕ್ಕೊಂದು ಸಾಲು: 'ಗೊಮ್ಮಟ, 20 ನಿಮಿಷ'.

ನಾನು ಕಾಪುವಿನಲ್ಲಿ ಹಳದಿ ಬೋರ್ಡಿನ ಕಾರು ಇಟ್ಟುಕೊಂಡು ಬಾಡಿಗೆ ಓಡಿಸುವವ. ಆ ಇಪ್ಪತ್ತು ನಿಮಿಷದಲ್ಲಿ ಏನೇನಾಗುತ್ತದೆ ಎಂದು ನನ್ನನ್ನು ಕೇಳಿ. ಚಪ್ಪಲಿ ಕಾರಿನಲ್ಲೇ ಬಿಟ್ಟು ಹೋಗುತ್ತಾರೆ. ಮೂರ್ತಿಯ ಪಾದದ ಹತ್ತಿರ ಒಂದು ಫೋಟೋ, ಹಿಂದೆ ಸರಿದು ಪೂರ್ತಿ ಬರುವ ಹಾಗೆ ಒಂದು, ಕೆಂಪುಕಲ್ಲಿನ ಗೋಡೆಗೆ ಒರಗಿ ಒಂದು. ಎಪ್ರಿಲ್-ಮೇ ಆದರೆ ಬಂಡೆ ಕಾದು, ಕಾಲು ಊರಲಾಗದೆ ಕುಣಿಯುತ್ತಾ ಓಡಿ ಬರುತ್ತಾರೆ. ಬಾಗಿಲು ಹಾಕಿದ ಕೂಡಲೇ "ಅಣ್ಣಾ, ಎ.ಸಿ. ಜೋರಾಗಿ ಹಾಕಿ". ಕಾರು ಬೆಟ್ಟ ಇಳಿಯುವಾಗ ಯಾರಾದರೂ ಒಬ್ಬರು, ಹೆಚ್ಚಾಗಿ ಹಿಂದೆ ಕೂತ ಅಜ್ಜಿ, ಬರೀ ಮಾತಿಗೆಂದು ಕೇಳುತ್ತಾರೆ: "ಈ ಊರಲ್ಲಿ ಬೇರೇನಿದೆಯಪ್ಪಾ?"

ಒಂದು ರಾಜಧಾನಿ ಉಂಟಮ್ಮ ಇಲ್ಲಿ. ನಾನು ಹೇಳುವ ಹೊತ್ತಿಗೆ ಕಾರು ಬಜಗೋಳಿ ರಸ್ತೆ ಹಿಡಿದಾಗಿರುತ್ತದೆ.

ಕಾರ್ಕಳವನ್ನು ನಾವು ಒಂದು ಮೂರ್ತಿಯ ಊರು ಮಾಡಿಬಿಟ್ಟಿದ್ದೇವೆ ಎಂಬುದು ನನ್ನ ತಕರಾರು. ಹುಂಚದ ಸಾಂತರರ ವಂಶದಿಂದ ಬಂದ ಭೈರರಸರು ಕಳಸದಿಂದ ಕಾರ್ಕಳದವರೆಗೆ, ಘಟ್ಟದ ಮೇಲೂ ಕೆಳಗೂ ಆಳಿದವರು. ಅವರ ಹೆಸರಿನ ಜೊತೆ ಊರಿನ ಹೆಸರು ಬರುವುದೇ ಕಳಸ-ಕಾರ್ಕಳ ಎಂದು ಜೋಡಿಯಾಗಿ. ವೀರಪಾಂಡ್ಯ ಭೈರರಸ ಬಾಹುಬಲಿಯನ್ನು ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ವಿಜಯನಗರದ ಇಮ್ಮಡಿ ದೇವರಾಯ ಆ ಪ್ರತಿಷ್ಠೆಗೆ ಬಂದಿದ್ದ ಎಂದು ಹೇಳುತ್ತಾರೆ. ಒಂದು ಸಾಮ್ರಾಜ್ಯದ ದೊರೆ ನೆಂಟಸ್ತಿಕೆಗೆ ಬರುವಷ್ಟು ತೂಕದ ಊರು ಆಗ ಇಲ್ಲಿತ್ತು. ಅಂಥ ಊರಿಗೆ ಕೆರೆ ಬೇಕಿತ್ತು, ಪೇಟೆ ಬೇಕಿತ್ತು, ಗುರುಗಳಿಗೆ ಮಠ ಬೇಕಿತ್ತು, ಕಲ್ಲುಕುಟಿಗರಿಗೆ ಕೇರಿ ಬೇಕಿತ್ತು. ಅವುಗಳಲ್ಲಿ ಎಷ್ಟೋ ಈಗಲೂ ಉಂಟು, ಹುಡುಕಿ ಹೋಗಬೇಕೆಂದೂ ಇಲ್ಲ. ಎಲ್ಲವೂ ಒಂದೆರಡು ಕಿಲೋಮೀಟರಿನ ಒಳಗೆ.

ಹಾಗಾದರೆ ಯಾಕೆ ಕಾಣುವುದಿಲ್ಲ? ಹಂಪಿಗೆ ಹೋದ ಯಾರೂ "ಇದು ಯಾವ ಊರು" ಎಂದು ಕೇಳುವುದಿಲ್ಲ. ಬಜಾರು, ಆನೆಲಾಯ, ನೀರಿನ ಕಾಲುವೆ, ಮಹಾನವಮಿ ದಿಬ್ಬ ಎಲ್ಲ ಬಯಲಿನಲ್ಲಿ ಬಿಚ್ಚಿಟ್ಟಿವೆ. 1565ರ ನಂತರ ಅದು ಹಾಳು ಬಿತ್ತು, ಹಾಳು ಬಿದ್ದದ್ದರಿಂದಲೇ ರಾಜಧಾನಿಯಾಗಿ ಉಳಿಯಿತು. ಕಾರ್ಕಳ ಹಾಗೆ ಹಾಳು ಬೀಳಲಿಲ್ಲ. ಅರಸರು ಹೋದರು, ಪೇಟೆ ನಿಂತಿತು. ಈ ಮಳೆಯ ಸೀಮೆಯಲ್ಲಿ, ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಸುರಿಯುವಲ್ಲಿ, ಮಣ್ಣು-ಮರದ ಅರಮನೆ ಎಷ್ಟು ದಿನ ನಿಂತೀತು? ದೇವರಿಗೆ ಕಟ್ಟಿದ ಕಲ್ಲು ಮಾತ್ರ ಉಳಿಯಿತು. ಅದರ ಸುತ್ತ ಜನ ಮನೆ ಕಟ್ಟಿದರು, ಅಂಗಡಿ ಇಟ್ಟರು, ಬಸ್ ಸ್ಟ್ಯಾಂಡ್ ಬಂತು, ಮೊಬೈಲ್ ಶೋರೂಂ ಬಂತು. ಜೀವ ಇರುವ ಊರಿನಲ್ಲಿ ಹಳೆಯದನ್ನು ಬೆರಳು ಮಾಡಿ ತೋರಿಸುವವರು ಬೇಕು. ನಮ್ಮಲ್ಲಿ ಕೊರತೆ ಇರುವುದು ಅದೊಂದಕ್ಕೇ. ಜೈಪುರವೂ ಜನ ತುಂಬಿದ ಊರೇ ಅಲ್ಲವೇ, 2019ರಲ್ಲಿ ಯುನೆಸ್ಕೋ ಅಲ್ಲಿಯ ಹಳೆಯ ಪೇಟೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಡಿ ಇದ್ದರೆ ಇತಿಹಾಸ ಓಡಿ ಹೋಗುವುದಿಲ್ಲ.

ಮಣಿಪಾಲಕ್ಕೆ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬರುವ ಅಪ್ಪ-ಅಮ್ಮಂದಿರು ನನಗೆ ಒಳ್ಳೆಯ ಗಿರಾಕಿಗಳು. ಫೀಸು ಕಟ್ಟಿ, ಹಾಸ್ಟೆಲಿಗೆ ಬಕೆಟು ತಲೆದಿಂಬು ಕೊಡಿಸಿ ಆದ ಮೇಲೆ ಅವರಿಗೆ ಅರ್ಧ ದಿನ ಉಳಿಯುತ್ತದೆ. ಮಗಳನ್ನು ಬಿಟ್ಟು ಹೋಗುವ ಬೇಸರ ಬೇರೆ. ಡೆಲ್ಲಿಯವರು, ಲಖನೌದವರು, ಹೈದರಾಬಾದಿನವರು. ದೊಡ್ಡ ದೊಡ್ಡ ಕೋಟೆ ನೋಡಿದ ಜನ. ಇವರನ್ನು ನಾನು ಪರ್ಕಳ, ಹಿರಿಯಡ್ಕ, ಬೈಲೂರು ದಾರಿಯಲ್ಲಿ ಕಾರ್ಕಳಕ್ಕೆ ಕರೆದುಕೊಂಡು ಹೋಗುತ್ತೇನೆ, ಆದರೆ ಗೊಮ್ಮಟನನ್ನು ಕೊನೆಗೆ ಇಡುತ್ತೇನೆ. ಮೊದಲು ತೋರಿಸಿದರೆ ಮುಗಿಯಿತು, ಮತ್ತೆ ಉಳಿದದ್ದಕ್ಕೆ ಯಾರೂ ಕಾರಿನಿಂದ ಇಳಿಯುವುದಿಲ್ಲ.

ಮೊದಲು ಹಿರಿಯಂಗಡಿ. ನೇಮಿನಾಥ ಬಸದಿಯ ಎದುರು ಏಕಶಿಲೆಯ ಮಾನಸ್ತಂಭ. ಕತ್ತು ಎತ್ತಿ ನೋಡಿದರೆ ಟೋಪಿ ಬೀಳುತ್ತದೆ. ಜೈನ ವರ್ತಕರ ಹಳೆಯ ಪೇಟೆಯ ಜಾಗ ಇದು, ಸುತ್ತ ಚಿಕ್ಕ ಚಿಕ್ಕ ಬಸದಿಗಳು. ಇಲ್ಲಿ ನಿಂತರೆ ಒಂದು ವಿಷಯ ತಾನಾಗಿ ಅರ್ಥವಾಗುತ್ತದೆ: ಬೆಟ್ಟದ ಮೇಲಿನ ಮೂರ್ತಿಗೆ ದುಡ್ಡು ಬಂದದ್ದು ಬೆಟ್ಟದ ಕೆಳಗಿನಿಂದ. ಘಟ್ಟದಿಂದ ಇಳಿಯುವ ಮೆಣಸು, ಬಯಲಿನ ಅಕ್ಕಿ, ಕಡಲ ಕಡೆಯಿಂದ ಬರುವ ವ್ಯಾಪಾರ, ಇವು ಕೂಡುವ ಜಾಗದಲ್ಲಿ ಅರಸ ಕೂತಿದ್ದ.

ಆಮೇಲೆ ಆನೆಕೆರೆ. 1262ರಲ್ಲಿ ಪಾಂಡ್ಯದೇವ ಅರಸ ಕಟ್ಟಿಸಿದ್ದು ಎನ್ನುತ್ತಾರೆ, ಅರಮನೆಯ ಆನೆಗಳಿಗೆ ಮೀಯಲು. ನೀರಿನ ನಡುವೆ ಒಂದು ಬಸದಿ. ಕೆರೆಯ ನಡುವಿನ ಬಸದಿಯೆಂದರೆ ಎಲ್ಲರೂ ವರಂಗಕ್ಕೇ ಓಡುತ್ತಾರೆ. ಅಲ್ಲಿ ದೋಣಿಯಲ್ಲಿ ಹೋಗಬಹುದು, ಹಿಂದೆ ಬೆಟ್ಟದ ಸಾಲು, ಚಂದವೇ. ಆದರೆ ಆನೆಕೆರೆ ಊರೊಳಗಿನ ಕೆರೆ, ರಾಜಧಾನಿಯ ಕೆರೆ. ದಂಡೆಯ ಮೇಲೆ ಸಂಜೆ ವಾಕಿಂಗ್ ಮಾಡುವವರಿಗೂ ಇದನ್ನು ನೆನಪು ಮಾಡಬೇಕಾಗಿದೆ.

ಪೇಟೆ ಕಡೆ ಬಂದರೆ ಪಡುತಿರುಪತಿ ವೆಂಕಟರಮಣ ದೇವಸ್ಥಾನ, ಗೌಡ ಸಾರಸ್ವತರದು. ತೇರಿನ ದಿನ, ಲಕ್ಷದೀಪದ ದಿನ ಇಲ್ಲಿಗೆ ಕಾರು ತರುವ ಮಾತೇ ಇಲ್ಲ. ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಕ್ಕೆ ಸ್ವಲ್ಪ ಹೊರಗೆ ಹೋಗಬೇಕು. ಜನವರಿಯ ಜಾತ್ರೆಗೆ ಹಿಂದೂಗಳು, ಮುಸ್ಲಿಮರು ಎನ್ನದೆ ಎಲ್ಲರೂ ಮೇಣದ ಬತ್ತಿ ಹಿಡಿದು ಹೋಗುವ ಇಗರ್ಜಿ ಅದು.

ನಾನು ಹೆಚ್ಚು ಹೊತ್ತು ಕಾರು ನಿಲ್ಲಿಸುವುದು ಚತುರ್ಮುಖ ಬಸದಿಯ ಕೆಳಗೆ. ಬೆಟ್ಟದ ಬುಡದಲ್ಲಿ ಅನಂತಶಯನ ದೇವಸ್ಥಾನ. ಎರಡಕ್ಕೂ ಕೊಂಡಿಯಾಗಿ ಊರಿನವರು ಒಂದು ಕಥೆ ಹೇಳುತ್ತಾರೆ. ಶೃಂಗೇರಿಯ ನರಸಿಂಹ ಭಾರತಿ ಸ್ವಾಮಿಗಳು ಕಾರ್ಕಳಕ್ಕೆ ಬಂದರಂತೆ. ದೇವಸ್ಥಾನವಿಲ್ಲದ ಊರಿನಲ್ಲಿ ಉಳಿಯುವುದು ಹೇಗೆ ಎಂದರಂತೆ. ಜೈನ ಅರಸ ಬಸದಿಗೆಂದು ಕಟ್ಟಿಸಿದ್ದ ಕಟ್ಟಡದಲ್ಲೇ ಶೇಷಶಾಯಿಯನ್ನು ಕೂರಿಸಿ ಕೊಟ್ಟನಂತೆ. ಅದಕ್ಕೆ ಜೈನ ಗುರುಗಳು ಮುನಿಸಿಕೊಂಡರು, ಅವರ ಸಮಾಧಾನಕ್ಕೆ ಬೆಟ್ಟದ ಮೇಲೆ ಇನ್ನೂ ದೊಡ್ಡ ಬಸದಿ ಎದ್ದಿತು. ಐತಿಹ್ಯ ಎಷ್ಟು ನಿಜವೋ ಬಿಡಿ. ಎರಡೂ ಕಡೆಯವರನ್ನು ಉಳಿಸಿಕೊಳ್ಳಲು ಪರದಾಡುವ ಒಬ್ಬ ಅರಸ ಅದರಲ್ಲಿ ಕಾಣುತ್ತಾನೆ. ಡೆಲ್ಲಿಯ ಒಬ್ಬ ತಂದೆ ಇದನ್ನು ಕೇಳಿ ಗಟ್ಟಿಯಾಗಿ ನಕ್ಕು, "ಸರ್ಕಾರಿ ನೌಕರಿಯಲ್ಲಿ ನನ್ನದೂ ಇದೇ ಅವಸ್ಥೆ" ಎಂದರು. ಅಲ್ಲಿಂದ ಮೇಲೆ ಅವರು ಪ್ರತಿ ಕಲ್ಲಿಗೂ ಪ್ರಶ್ನೆ ಕೇಳಿದರು.

ಬಸದಿ ಇಮ್ಮಡಿ ಭೈರರಸನ ಕಾಲದ್ದು, 1586. ಶಾಸನದಲ್ಲಿ ಇದರ ಹೆಸರು ತ್ರಿಭುವನತಿಲಕ ಜಿನಚೈತ್ಯಾಲಯ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಕಡೆಯಿಂದ ಬಂದರೂ ಅದೇ ಮುಖ. ಮೆಟ್ಟಿಲು ಹತ್ತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ ಮಕ್ಕಳಿಗೆ ಹೊರಟ ಬಾಗಿಲು ಯಾವುದೆಂದು ತಿಳಿಯದೆ ಗಲಿಬಿಲಿಯಾಗುತ್ತದೆ, ಅದನ್ನು ನೋಡುವುದೇ ನನಗೊಂದು ಖುಷಿ. ಒಳಗೆ ಒಂದೊಂದು ದಿಕ್ಕಿಗೂ ಅರ, ಮಲ್ಲಿ, ಮುನಿಸುವ್ರತ ಎಂದು ಮೂರು ಮೂರು ತೀರ್ಥಂಕರರು ನಿಂತಿದ್ದಾರೆ. ಬಿಸಿಲಿನಿಂದ ಒಳಗೆ ಹೆಜ್ಜೆ ಇಟ್ಟ ಕೂಡಲೇ ಏನೂ ಕಾಣುವುದಿಲ್ಲ. ಸ್ವಲ್ಪ ನಿಲ್ಲಬೇಕು. ಮೊದಲು ಹೊಳೆಯುವ ಭುಜ ಕಾಣುತ್ತದೆ, ಆಮೇಲೆ ಮುಖ. ಇಪ್ಪತ್ತು ನಿಮಿಷದವರು ಕಣ್ಣು ಹೊಂದಿಕೊಳ್ಳುವ ಮೊದಲೇ ಹೊರಗೆ ಹೋಗಿ ಆಗಿರುತ್ತದೆ.

ಕಂಬಗಳು 108 ಎಂದು ಲೆಕ್ಕ. ಎಣಿಸುವ ಗೋಜಿಗೆ ಹೋಗಬೇಡಿ, ಒಂದೇ ಕಂಬದ ಮುಂದೆ ಕೂತು ನೋಡಿ. ಒಂದರ ಮೈಯಲ್ಲಿ ಹಗ್ಗ ಗಂಟು ಹಾಕಿದಂಥ ಹೆಣಿಗೆ, ತುದಿ ಎಲ್ಲಿ ಎಂದು ಬೆರಳಿಟ್ಟು ಹುಡುಕಿದರೂ ಸಿಗುವುದಿಲ್ಲ. ಇನ್ನೊಂದರಲ್ಲಿ ಕುಣಿಯುವ ಹೆಂಗಸು, ಮತ್ತೊಂದರಲ್ಲಿ ಪ್ರಾಣಿ, ಬಳ್ಳಿ. ಸೂರು ಕೂಡ ಕಲ್ಲು ಚಪ್ಪಡಿಯದ್ದೇ, ನಮ್ಮೂರ ಮನೆಗಳ ಹಾಗೆ ಮಳೆಗೆ ಇಳಿಜಾರು ಮಾಡಿದ್ದು. ಮರದಲ್ಲಿ ಮಾಡುವ ಕೆಲಸವನ್ನು ಕಲ್ಲಿನಲ್ಲಿ ಮಾಡಿ ತೋರಿಸುವ ಹಟ ಇದ್ದವರು ಕಟ್ಟಿದ್ದು ಇದು. ಹೊರಗೆ ಬಂದು ಜಗಲಿಯಲ್ಲಿ ನಿಂತರೆ ಎದುರಿನ ಬೆಟ್ಟದ ಗೋಡೆಯ ಮೇಲಿನಿಂದ ಬಾಹುಬಲಿಯ ಮೇಲ್ಭಾಗ ಕಾಣುತ್ತದೆ. ವೀರಪಾಂಡ್ಯನಿಂದ ಇಮ್ಮಡಿ ಭೈರರಸನವರೆಗೆ ನೂರೈವತ್ತು ವರ್ಷ, ಒಂದೇ ಊರು, ಎರಡು ಬೆಟ್ಟ ಎದುರುಬದುರು. ಗೊಮ್ಮಟನನ್ನು ಮೊದಲ ಬಾರಿ ನೋಡಬೇಕಾದ್ದು ಇಲ್ಲಿಂದ. ಆಮೇಲೆ ಅವನ ಹತ್ತಿರ ಹೋದರೆ 42 ಅಡಿಗೆ ಅರ್ಥ ಬರುತ್ತದೆ. ಎದುರಿನ ಬ್ರಹ್ಮದೇವ ಕಂಬ 1436ರದ್ದು, ಅದನ್ನೂ ತಪ್ಪಿಸದೆ ನೋಡಲು ಆಗ ತಾಳ್ಮೆ ಇರುತ್ತದೆ. ಬೆಟ್ಟಕ್ಕೆ ಮಾತ್ರ ಹೋಗಿ ಮರಳುವುದೆಂದರೆ ಮದುವೆ ಮನೆಗೆ ಬಂದು ಚಪ್ಪರ ನೋಡಿ ಹೋದ ಹಾಗೆ.

ಕಲ್ಲಿನ ಕಸುಬು 1586ಕ್ಕೆ ನಿಂತದ್ದೂ ಅಲ್ಲ. ಧರ್ಮಸ್ಥಳದಲ್ಲಿ ಈಗ ನಿಂತಿರುವ 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈಯವರು. 1973ರಲ್ಲಿ ಅದನ್ನು ಇಲ್ಲಿಂದ ಸಾಗಿಸಿದರು. ರಸ್ತೆಯ ಇಕ್ಕೆಲದಲ್ಲಿ ಜನ ಕಿಕ್ಕಿರಿದು ನೋಡಿದ್ದನ್ನು ನಮ್ಮ ಹಿರಿಯ ಚಾಲಕರು ಈಗಲೂ ನಿನ್ನೆ ಕಂಡಂತೆ ಹೇಳುತ್ತಾರೆ. ಹಳೆಯ ಗೊಮ್ಮಟನನ್ನು ಬಂಡಿಯ ಮೇಲಿಟ್ಟು ಎಳೆದು ಬೆಟ್ಟಕ್ಕೆ ಏರಿಸಿದರು ಎಂಬ ಮಾತನ್ನು ನಂಬದವರಿಗೆ ಇದು ಸಾಕ್ಷಿ. ಧರ್ಮಸ್ಥಳದ ಬಾಹುಬಲಿಗೆ ಕೈಮುಗಿಯುವ ಪ್ರವಾಸಿಗರಲ್ಲಿ, ಅವನ ಊರನ್ನು ಇಪ್ಪತ್ತು ನಿಮಿಷಕ್ಕೆ ದಾಟಿ ಬಂದೆವು ಎಂದು ಗೊತ್ತಿರುವವರು ಎಷ್ಟು ಜನ?

ಇಷ್ಟೆಲ್ಲ ಇಟ್ಟುಕೊಂಡು ನಾವು ಮಾಡುತ್ತಿರುವುದೇನು? ಪ್ರವಾಸೋದ್ಯಮ ಎಂದರೆ ಹೊಸದೊಂದನ್ನು ಎಬ್ಬಿಸುವುದು ಎಂದುಕೊಂಡಿದ್ದೇವೆ. ಬೈಲೂರಿನ ಉಮಿಕ್ಕಳ ಬೆಟ್ಟದಲ್ಲಿ 2023ರ ಜನವರಿಯಲ್ಲಿ ಪರಶುರಾಮ ಥೀಂ ಪಾರ್ಕ್ ಉದ್ಘಾಟನೆಯಾಯಿತು, 33 ಅಡಿಯ ಮೂರ್ತಿ. ಮೂರ್ತಿ ಕಂಚಿನದು ಹೌದೋ ಅಲ್ಲವೋ ಎಂದು ಗಲಾಟೆ ಎದ್ದಿತು, ಅದೇ ವರ್ಷ ಮೇಲ್ಭಾಗ ಕೆಳಗಿಳಿಯಿತು, ವಿಷಯ ಪೊಲೀಸು, ಕೋರ್ಟು ಹತ್ತಿತು. ಯಾರು ಸರಿ ಯಾರು ತಪ್ಪು ಎಂಬುದನ್ನು ಕೋರ್ಟು ಹೇಳಲಿ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. 1432ರಿಂದ ಮಳೆ ಬಿಸಿಲಿಗೆ ನಿಂತಿರುವ ಮೂರ್ತಿ ಕೂಗಳತೆಯ ದೂರದಲ್ಲಿರುವಾಗ ಇನ್ನೊಂದು ದೊಡ್ಡ ಮೂರ್ತಿ ಪ್ರವಾಸಿಗನಿಗೆ ಯಾಕೆ ಬೇಕಿತ್ತು? ಅವನಿಗೆ ಬೇಕಾದದ್ದು ಶೌಚಾಲಯ, ನೆರಳು, ಕುಡಿಯುವ ನೀರು, ಮತ್ತೆ ಕಥೆ ಹೇಳುವ ಒಬ್ಬ ಮನುಷ್ಯ.

ನಮ್ಮ ಕಸುಬಿನವರ ಪಾಲೂ ಇದರಲ್ಲಿ ಉಂಟು. ಲೋಕಲ್ ಪ್ಯಾಕೇಜ್ ಎಂದರೆ 8 ಗಂಟೆ, 80 ಕಿಲೋಮೀಟರ್. ಉಡುಪಿಯಿಂದ ಕಾರ್ಕಳಕ್ಕೆ ಸುಮಾರು 38, ಹೋಗಿ ಬಂದರೆ 80ರ ಒಳಗೆ ಆಗುತ್ತದೆ. ಕಾಪುವಿನಿಂದ ಶಿರ್ವ-ಬೆಳ್ಮಣ್ ದಾರಿಯಲ್ಲಾದರೆ ಇನ್ನೂ ಹತ್ತಿರ. ಲೆಕ್ಕ ಸರಿಯಾಗಿ ಕೂತಿದೆ, ಆದರೆ ಚಾಲಕನಿಗೆ ಲಾಭ ಇರುವುದು ಗಾಡಿ ಓಡಿದರೆ, ನಿಂತರೆ ಅಲ್ಲ. ಔಟ್‌ಸ್ಟೇಷನ್ ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ. ಹಾಗಾಗಿ ಒಂದೇ ದಿನದಲ್ಲಿ ಕಾರ್ಕಳ, ಮೂಡುಬಿದಿರೆ, ವೇಣೂರು, ಧರ್ಮಸ್ಥಳ ಎಂದು ಓಡಿಸುವುದು. ಮೂರು ಊರಿನ ಬಾಹುಬಲಿಯನ್ನು ಒಂದೇ ಹಗಲಿನಲ್ಲಿ ನೋಡಿದವರಿಗೆ ರಾತ್ರಿ ಲಾಡ್ಜಿನಲ್ಲಿ ಫೋಟೋ ನೋಡುವಾಗ ಯಾವುದು ಎಲ್ಲಿಯದೆಂದು ತಿಳಿಯುವುದಿಲ್ಲ. ಕಮಿಷನ್ ಕೊಡುವ ಅಂಗಡಿಯ ಮುಂದೆ ಮಾತ್ರ ಗಾಡಿ ಅರ್ಧ ಗಂಟೆ ಆರಾಮಾಗಿ ನಿಲ್ಲುತ್ತದೆ. ಕಾರ್ಕಳದಲ್ಲಿ ಗೇರುಬೀಜದ ಫ್ಯಾಕ್ಟರಿಗಳುಂಟು, ಕಾರ್ಲ ಕಜೆ ಎಂದು ಹೆಸರಿಟ್ಟ ಕೆಂಪಕ್ಕಿ ಉಂಟು. ಅರ್ಧ ದಿನ ನಿಂತ ಪ್ರವಾಸಿ ಅದನ್ನೂ ಕೊಂಡಾನು, ಪೇಟೆಯಲ್ಲಿ ಊಟವನ್ನೂ ಮಾಡಿಯಾನು. ಫೋಟೋ ಹೊಡೆದು ಹೋಗುವವನಿಂದ ಊರಿಗೆ ಸಿಗುವುದು ಖಾಲಿ ನೀರಿನ ಬಾಟ್ಲಿ.

ಜನ ಹೆಚ್ಚಾದರೆ ಬಸದಿಯ ಮರ್ಯಾದೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಅದು ಸುಳ್ಳು ಭಯ ಅಲ್ಲ. ಇದು ಪೂಜೆಯ ಜಾಗ, ರೀಲ್ಸ್ ಮಾಡುವ ಸ್ಟೇಜ್ ಅಲ್ಲ. ಆದರೆ ನಮ್ಮ ಕಾಪುವನ್ನೇ ನೋಡಿ. 1901ರ ಲೈಟ್‌ಹೌಸ್, ಬಂಡೆಯ ಮೇಲೆ ಚಂದಕ್ಕೆ ನಿಂತಿದೆ. ಭಾನುವಾರ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಇಡೀ ಜಿಲ್ಲೆಯ ಪ್ರವಾಸಿಗರು ಅದೊಂದೇ ಬಂಡೆಗೆ ಬರುತ್ತಾರೆ. ಕಾರು ತಿರುಗಿಸಲು ಜಾಗ ಇಲ್ಲ, ಮಕ್ಕಳು ಅಲೆಯ ಹತ್ತಿರ ಓಡುತ್ತಾರೆ, ಚರುಮುರಿ ಪೊಟ್ಟಣ ಕಡಲಿಗೆ. ಜನ ಹೆಚ್ಚಾದದ್ದರಿಂದ ಅಲ್ಲ, ಎಲ್ಲರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬರುವುದರಿಂದ ಹೀಗಾಗಿದೆ. ಗೊಮ್ಮಟ ಬೆಟ್ಟಕ್ಕೂ ಅದೇ ಗತಿ. ಊರಿಡೀ ಹರಡಿಕೊಂಡು ನಡೆದು ನೋಡುವವರಿದ್ದರೆ ಬೆಟ್ಟದ ಮೇಲೆ ನೂಕುನುಗ್ಗಲು ಕಡಿಮೆಯಾಗುತ್ತದೆ. ಮತ್ತೆ, ಕಥೆ ಕೇಳಿ ಒಳಗೆ ಹೋದವನು ಕಂಬಕ್ಕೆ ಒರಗಿ ಚಿಪ್ಸ್ ತಿನ್ನುವುದು ಕಡಿಮೆ. ಇದು ನಾನು ಕಣ್ಣಾರೆ ಕಂಡದ್ದು.

ಕಾರ್ಕಳದಲ್ಲಿ ಕಳೆದ ಮಹಾಮಸ್ತಕಾಭಿಷೇಕ ಆದದ್ದು 2015ರ ಜನವರಿಯಲ್ಲಿ. ಹನ್ನೆರಡು ವರ್ಷದ ಲೆಕ್ಕ ಹಿಡಿದರೆ ಮುಂದಿನದು 2027ಕ್ಕೆ. ಆಗ ರಸ್ತೆಗೆ ಡಾಂಬರು ಬರುತ್ತದೆ, ಗೋಡೆಗೆ ಸುಣ್ಣ ಬರುತ್ತದೆ, ಮಂತ್ರಿಗಳ ಫ್ಲೆಕ್ಸ್ ಅಂತೂ ಬಂದೇ ಬರುತ್ತದೆ. ಆ ದುಡ್ಡಿನಲ್ಲಿ ಸ್ವಲ್ಪ ತೆಗೆದು ಹಿರಿಯಂಗಡಿ, ಆನೆಕೆರೆ, ಅನಂತಶಯನ, ಚತುರ್ಮುಖ, ಗೊಮ್ಮಟ ಬೆಟ್ಟ, ಇವನ್ನು ಜೋಡಿಸುವ ಒಂದು ಕಾಲುದಾರಿಯನ್ನು ಗುರುತು ಮಾಡಿ. ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಬೋರ್ಡು ಹಾಕಿ. 'ಐತಿಹಾಸಿಕ ಸ್ಥಳ' ಎಂದು ಬರೆದರೆ ಸಾಲದು, ಯಾರು, ಯಾವಾಗ, ಯಾಕೆ ಕಟ್ಟಿಸಿದರು ಎಂದು ನಾಲ್ಕು ಸಾಲು ಇರಲಿ. ಬೇಸಿಗೆಗೆ ಮೆಟ್ಟಿಲ ಮೇಲೆ ತೆಂಗಿನ ನಾರಿನ ಚಾಪೆ ಹಾಸಿದರೆ ಕಾಲು ಸುಡುವುದಿಲ್ಲ. ಊರಿನ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ, ತುಳು, ಕನ್ನಡ, ಕೊಂಕಣಿ, ಹಿಂದಿ ಎಲ್ಲ ಬಾಯಲ್ಲೇ ಇದೆ. ತರಬೇತಿ ಕೊಟ್ಟು, ಬ್ಯಾಡ್ಜ್ ಕೊಟ್ಟು, ಶನಿವಾರ-ಭಾನುವಾರ ನಿಲ್ಲಿಸಿ. ಪ್ರವಾಸಿ ಸಂತೋಷದಲ್ಲಿ ದುಡ್ಡು ಕೊಡುತ್ತಾನೆ. ಕೊಡುವುದನ್ನು ನಾನು ನೋಡಿದ್ದೇನೆ, ಬರೀ ನನ್ನ ಹರಕು ಹಿಂದಿಯ ಕಥೆಗೇ ಟಿಪ್ಸ್ ಸಿಗುತ್ತದೆ.

ಸ್ಟ್ಯಾಂಡಿನ ನನ್ನ ಜೊತೆಗಾರರಿಗೂ ಒಂದು ಮಾತು. 'ಕಾರ್ಕಳ ಅರ್ಧ ದಿನ' ಎಂದು ಬೇರೆಯೇ ಒಂದು ಪ್ಯಾಕೇಜ್ ಮಾಡೋಣ, ಕಿಲೋಮೀಟರಿಗಲ್ಲ, ಗಂಟೆಗೆ ರೇಟು ಇಡೋಣ. ವೈಟಿಂಗ್ ಸೇರಿಸಿಯೇ ಮೊದಲೇ ಹೇಳಿದರೆ ಗಿರಾಕಿ ಗಡಿಯಾರ ನೋಡುವುದಿಲ್ಲ, ನಾವು ಹಾರ್ನ್ ಹೊಡೆಯುವುದಿಲ್ಲ. ಅಡ್ಮಿಷನ್ ಸೀಸನ್ ಜೂನ್-ಜುಲೈ ದಾಟಿ ನಡೆಯುತ್ತದೆ, ಮಳೆಗೆ ಬೀಚು ಬಂದ್, ದ್ವೀಪಕ್ಕೆ ದೋಣಿ ಬಂದ್, ಮಣಿಪಾಲದ ಹೋಟೆಲುಗಳಲ್ಲಿ ಜನ ಕಿಟಕಿ ನೋಡುತ್ತಾ ಕೂತಿರುತ್ತಾರೆ. ಚತುರ್ಮುಖ ಬಸದಿಗೆ ಮಾಡು ಉಂಟು, ಸುತ್ತ ಜಗಲಿ ಉಂಟು. ಕೊಡೆ ನಾಲ್ಕು ಡಿಕ್ಕಿಯಲ್ಲಿಟ್ಟುಕೊಂಡರೆ ಆ ಎರಡು ತಿಂಗಳ ಬಾಡಿಗೆ ನಮ್ಮದೇ.